ಟ್ರೇಲರ್ ಎಳೆಯುವಾಗ ಪಿಕಪ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕಾಯುವುದೇಕೆ, ತಡೆಯುವುದು ಹೇಗೆ?

ಪ್ರಶ್ನೆ: ನಾವು ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬ. ನಮ್ಮಲ್ಲಿ ಆರು ಗೇರಿನ ಆಟೋಮ್ಯಾಟಿಕ್ ಇರುವ, ಅರ್ಧ ಟನ್ ದರ್ಜೆಯ ಪೆಟ್ರೋಲ್ ಪಿಕಪ್ ಇದೆ. ಈ ವರ್ಷ ಸುಮಾರು 6,000 ಪೌಂಡ್ ತೂಗುವ, ಒಳಗೇ ತಂಗಬಹುದಾದ ಟ್ರಾವೆಲ್ ಟ್ರೇಲರ್ ಕೊಂಡೆವು. ಜುಲೈ ತಿಂಗಳ ಒಂದು ಮಧ್ಯಾಹ್ನ ಐ-17 ಹೆದ್ದಾರಿಯಲ್ಲಿ ಫ್ಲ್ಯಾಗ್‌ಸ್ಟಾಫ್‌ಗೆ ಹೊರಟಾಗ, ಬ್ಲ್ಯಾಕ್ ಕ್ಯಾನಿಯನ್ ಸಿಟಿ ದಾಟಿದ ಮೇಲಿನ ಏರಿನಲ್ಲಿ ಗೇರ್‌ಬಾಕ್ಸ್‌ನ ತಾಪಮಾನ 200ರಿಂದ 231 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿತು. ಎಚ್ಚರಿಕೆಯ ದೀಪವೇನೂ ಹೊತ್ತಲಿಲ್ಲ. ಗೇರ್‌ಬಾಕ್ಸ್ ಆಯಿಲನ್ನು ತಣಿಸುವ ದೊಡ್ಡ ಕೂಲರ್ ಹಾಕಿಸಿ ಎಂದು ಒಬ್ಬ ಗೆಳೆಯರು, ಏನೂ ಬೇಡ ಎಂದು ಇನ್ನೊಬ್ಬರು ಹೇಳುತ್ತಾರೆ. ಗೇರ್‌ಬಾಕ್ಸ್‌ಗೆ ಈಗಾಗಲೇ ಪೆಟ್ಟಾಗಿದೆಯೇ? ಮುಂದೇನು ಮಾಡಬೇಕು?

ಉತ್ತರ: ಒಂದು ಏರಿನಲ್ಲಿ ಕೆಲವು ನಿಮಿಷ 231 ಡಿಗ್ರಿ, ಅಂದರೆ ಸುಮಾರು 110 ಸೆಲ್ಸಿಯಸ್, ಮುಟ್ಟಿದ್ದರಿಂದ ನಿಮ್ಮ ಗೇರ್‌ಬಾಕ್ಸ್ ಹಾಳಾಗಿಲ್ಲ. ಇಂದಿನ ಸಿಂಥೆಟಿಕ್ ಆಯಿಲ್ ಅಷ್ಟನ್ನು ತಡೆದುಕೊಳ್ಳುತ್ತದೆ. ಆದರೆ ಪ್ರತಿ ಬೇಸಿಗೆಯೂ, ಪ್ರತಿ ಪ್ರಯಾಣದಲ್ಲೂ ಹೀಗೇ ಆದರೆ ಆಯಿಲ್‌ನ ಆಯಸ್ಸು ಬೇಗ ಕರಗುತ್ತದೆ, ಅದರ ಹಿಂದೆಯೇ ಕ್ಲಚ್ ತಟ್ಟೆಗಳದ್ದೂ. ನಿಮ್ಮ ಇಬ್ಬರು ಗೆಳೆಯರ ಮಾತಿನಲ್ಲೂ ನನಗೆ ಅರ್ಧ ಒಪ್ಪಿಗೆ ಮಾತ್ರ. ಕೂಲರ್ ಬೇಕಾಗಬಹುದು, ಆದರೆ ಅದು ಮೂರನೆಯ ಹೆಜ್ಜೆ. ಹುಟ್ಟಿದ ಬಿಸಿಯನ್ನು ಹೊರಹಾಕಲು ಹಣ ಸುರಿಯುವ ಮೊದಲು ಆ ಬಿಸಿ ಎಲ್ಲಿ ಹುಟ್ಟುತ್ತಿದೆ ಎಂದು ನೋಡಬೇಕು. ಅದನ್ನು ಬಹುಮಟ್ಟಿಗೆ ನಿಮ್ಮ ಬಲಗಾಲು ಮತ್ತು ಗೇರ್ ಲಿವರೇ ತಡೆಯಬಲ್ಲವು.

ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಬಿಸಿಯ ದೊಡ್ಡ ಪಾಲು ಹುಟ್ಟುವುದು ಟಾರ್ಕ್ ಕನ್ವರ್ಟರ್‌ನಲ್ಲಿ. ಎಂಜಿನ್ ಮತ್ತು ಗೇರುಗಳ ನಡುವೆ ಕುಳಿತಿರುವ ಈ ದುಂಡನೆಯ ಡಬ್ಬಿಯೊಳಗೆ ಎದುರುಬದುರಾಗಿ ಎರಡು ರೆಕ್ಕೆಚಕ್ರಗಳಿರುತ್ತವೆ. ಒಂದನ್ನು ಎಂಜಿನ್ ತಿರುಗಿಸುತ್ತದೆ. ಅದು ಎರಚುವ ಆಯಿಲ್‌ನ ರಭಸಕ್ಕೆ ಇನ್ನೊಂದು ತಿರುಗಿ ಗೇರುಗಳನ್ನು ತಿರುಗಿಸುತ್ತದೆ. ನಡುವೆ ಇರುವ ಸ್ಟೇಟರ್ ಎಂಬ ಮೂರನೆಯ ಚಕ್ರ, ಹಿಂದಿರುಗುವ ಆಯಿಲ್‌ನ ದಿಕ್ಕು ತಿರುಗಿಸಿ ಎಂಜಿನ್‌ನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚಿಸುತ್ತದೆ. ಗಾಡಿ ನಿಂತಲ್ಲಿಂದ ಹೊರಡುವಾಗ ಈ ಹೆಚ್ಚಳ ಸುಮಾರು ಎರಡು ಪಟ್ಟು ಇರುತ್ತದೆ. ಭಾರವಾದ ಟ್ರೇಲರ್ ಕಟ್ಟಿಕೊಂಡು ಸಿಗ್ನಲ್‌ನಿಂದ ಅಷ್ಟು ನಯವಾಗಿ ಹೊರಡಲು ಸಾಧ್ಯವಾಗುವುದು ಇದರಿಂದಲೇ. ಆದರೆ ಎರಡು ಚಕ್ರಗಳ ವೇಗದಲ್ಲಿ ವ್ಯತ್ಯಾಸ ಇರುವಷ್ಟು ಹೊತ್ತೂ ಎಂಜಿನ್‌ನ ಶಕ್ತಿಯ ಒಂದು ಭಾಗ ಆಯಿಲ್ ಕಡೆಯುವುದರಲ್ಲೇ ಖರ್ಚಾಗಿ, ಬಿಸಿಯಾಗಿ ಉಳಿಯುತ್ತದೆ.

ಆ ಬಿಸಿ ಎಷ್ಟಿರಬಹುದೆಂದು ಒರಟು ಲೆಕ್ಕ ಹಾಕೋಣ. ನಿಮ್ಮ ಪಿಕಪ್, ಮನೆಯವರು, ಸಾಮಾನು, ಟ್ರೇಲರ್ ಎಲ್ಲ ಸೇರಿ 12,000 ಪೌಂಡ್, ಅಂದರೆ ಸುಮಾರು 5,450 ಕಿಲೋ ಎಂದಿಟ್ಟುಕೊಳ್ಳಿ. ಶೇ 6ರ ಏರನ್ನು ಗಂಟೆಗೆ 50 ಮೈಲಿಯಲ್ಲಿ ಹತ್ತಲು, ತೂಕವನ್ನು ಮೇಲೆತ್ತುವುದಕ್ಕೇ 70 ಕಿಲೋವ್ಯಾಟ್ ಬೇಕು. ಗಾಳಿಯ ಮತ್ತು ಟೈರಿನ ತಡೆ ಸೇರಿದರೆ ಹತ್ತಿರ ಹತ್ತಿರ 110. ಕನ್ವರ್ಟರ್ ಇದರಲ್ಲಿ ಶೇ 10ನ್ನು ಈ ವೇಗದ ವ್ಯತ್ಯಾಸದಲ್ಲಿ, ಅಂದರೆ ಜಾರಿಕೆಯಲ್ಲಿ, ಕಳೆದರೆ 11 ಕಿಲೋವ್ಯಾಟ್ ಬಿಸಿ ಹುಟ್ಟುತ್ತದೆ. ಸ್ನಾನದ ಮನೆಯ 2 ಕಿಲೋವ್ಯಾಟ್ ಗೀಸರ್‌ಗಳನ್ನು ಐದಕ್ಕಿಂತ ಹೆಚ್ಚು ಒಟ್ಟಿಗೆ ಹಚ್ಚಿ ಹನ್ನೆರಡು ಲೀಟರ್ ಆಯಿಲ್‌ನಲ್ಲಿ ಮುಳುಗಿಸಿದಷ್ಟು ಇದು. ಸುತ್ತಲಿನ ಲೋಹ ಹೀರುವ ಪಾಲನ್ನು ಬಿಟ್ಟು ನೋಡಿದರೆ, ಕೂಲರ್ ಇಲ್ಲದಿದ್ದಲ್ಲಿ ಆ ಆಯಿಲ್ ಒಂದೇ ನಿಮಿಷಕ್ಕೆ 30 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾಯುತ್ತದೆ. ನಿಮ್ಮ ಮೀಟರಿನ ಅಂಕಿ ಏರಿನ ಬುಡದಲ್ಲಿ ಅಷ್ಟು ಚುರುಕಾಗಿ ಓಡಿದ್ದೇಕೆ ಎಂಬುದಕ್ಕೆ ಇದೇ ವಿವರಣೆ.

ಈ ಜಾರಿಕೆಯನ್ನು ನಿಲ್ಲಿಸಲು ಕನ್ವರ್ಟರ್‌ನೊಳಗೇ ಒಂದು ಲಾಕಪ್ ಕ್ಲಚ್ ಇದೆ. ಅದು ಕಚ್ಚಿಕೊಂಡರೆ ಎರಡು ಚಕ್ರಗಳೂ ಒಂದಾಗಿ ತಿರುಗುತ್ತವೆ, ಆಯಿಲ್ ಕಡೆಯುವ ಕೆಲಸ ನಿಂತುಹೋಗುತ್ತದೆ. ಏರಿನಲ್ಲಿ ಕನ್ವರ್ಟರ್ ಲಾಕ್ ಆಗಿಯೇ ಉಳಿಯುವಂತೆ ಓಡಿಸಬೇಕು. ನಾನು ಹೇಳುವ ಉಳಿದೆಲ್ಲವೂ ಇದಕ್ಕೆ ಪೂರಕ. ಆರನೆಯ ಗೇರಿನಲ್ಲಿ ಏರು ಹತ್ತುತ್ತಾ ಪೆಡಲ್ ಒತ್ತಿದರೆ, ಆ ಗೇರಿನಲ್ಲಿ ಎಂಜಿನ್‌ಗೆ ಕಸುವು ಸಾಲದೆ ಕಂಪ್ಯೂಟರ್ ಮೊದಲು ಲಾಕ್ ಬಿಡಿಸುತ್ತದೆ. ಆಮೇಲೂ ಸಾಲದಿದ್ದರೆ ಐದಕ್ಕೆ ಇಳಿಸುತ್ತದೆ. ಸ್ವಲ್ಪ ವೇಗ ಸಿಕ್ಕ ಕೂಡಲೇ ಮತ್ತೆ ಆರಕ್ಕೆ ಏರಿಸುತ್ತದೆ, ಮತ್ತೆ ಲಾಕ್ ಬಿಡುತ್ತದೆ. ಎಂಜಿನ್‌ನ ಸುತ್ತು ತೋರುವ ಟ್ಯಾಕೋಮೀಟರಿನ ಮುಳ್ಳು ಹೀಗೆ ಮೇಲೆ ಕೆಳಗೆ ಅಲೆದಾಡುತ್ತಿದ್ದರೆ ಪ್ರತಿ ಅಲೆದಾಟಕ್ಕೂ ಬಿಸಿಯ ಬೆಲೆ ತೆರುತ್ತಿದ್ದೀರಿ ಎಂದೇ ಅರ್ಥ.

ಆದ್ದರಿಂದ ಟ್ರೇಲರ್ ಕಟ್ಟಿದ ಕೂಡಲೇ, ಏರು ಬರುವವರೆಗೆ ಕಾಯದೆ, ಭಾರ ಎಳೆಯುವಾಗಿನ ಓಟಕ್ಕೆಂದೇ ಇರುವ ಟೋ ಹಾಲ್ ಗುಂಡಿ ಒತ್ತಿ. ಅದು ಗೇರುಗಳನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಲಾಕಪ್ಪನ್ನು ಬೇಗ ತರುತ್ತದೆ, ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ ಕೊಡುತ್ತದೆ. ಅಷ್ಟಾದರೂ ಗೇರ್ ಅಲೆದಾಡಿದರೆ ಲಿವರಿನ ಮೇಲಿರುವ ಮೈನಸ್ ಗುಂಡಿಯಿಂದ ಮೇಲಿನ ಒಂದೆರಡು ಗೇರುಗಳನ್ನು ಕಡಿತಗೊಳಿಸಿ. ಬ್ಲ್ಯಾಕ್ ಕ್ಯಾನಿಯನ್ ಸಿಟಿ ಬಿಟ್ಟು ಏರು ಶುರುವಾಗುವ ಮೊದಲೇ ನಾಲ್ಕಕ್ಕೆ ಬನ್ನಿ, ಅಗತ್ಯ ಬಿದ್ದರೆ ಮೂರಕ್ಕೆ. ಎಂಜಿನ್ ನಿಮಿಷಕ್ಕೆ 3,500 ಅಥವಾ 4,000 ಸುತ್ತಿನಲ್ಲಿ ಗರ್ಜಿಸುತ್ತದೆ, ಗರ್ಜಿಸಲಿ. ಊರಿನಲ್ಲಿ ಎಂಜಿನ್‌ನ ಸದ್ದು ಏರಿದರೆ ಗಾಡಿಗೆ ಹಿಂಸೆ ಎಂದು ಕಲಿತು ಬಂದ ನಮ್ಮವರು ಬಹಳ ಮಂದಿ ಈ ಸದ್ದಿಗೆ ಹೆದರಿ ಮೇಲಿನ ಗೇರಿಗೆ ಹೋಗುತ್ತಾರೆ. ಪೆಟ್ರೋಲ್ ಎಂಜಿನ್‌ಗೆ ಆ ಸುತ್ತು ಹೊರೆಯಲ್ಲ, ಅದನ್ನು ತಯಾರಿಸಿರುವುದೇ ಹಾಗೆ. ಸುತ್ತು ಹೆಚ್ಚಿದಾಗ ಗೇರ್‌ಬಾಕ್ಸ್‌ನ ಪಂಪ್ ಕೂಡ ವೇಗವಾಗಿ ತಿರುಗಿ ಕೂಲರ್‌ಗೆ ಹೆಚ್ಚು ಆಯಿಲ್ ತಳ್ಳುತ್ತದೆ. ಕಡಿಮೆ ಸುತ್ತಿನಲ್ಲಿ ಪೆಡಲ್ ತುಳಿದು ನರಳಿಸುವುದಕ್ಕಿಂತ ಇದು ಎಷ್ಟೋ ಮೇಲು. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ನಮ್ಮ ಘಟ್ಟದ ಚಾಲಕರ ಪಾಠ ಅಲ್ಲಿಯೂ ಹಾಗೆಯೇ ಅನ್ವಯಿಸುತ್ತದೆ. ಆ ಏರಿನ ತುದಿಯ ವಿಶ್ರಾಂತಿ ತಾಣವಾದ ಸನ್‌ಸೆಟ್ ಪಾಯಿಂಟ್‌ನಿಂದ ಹಿಂದಿರುಗುವಾಗ ಅದನ್ನು ನೆನಪಿಡಿ.

ಇನ್ನು ವೇಗ. ನೀವು ಎಷ್ಟು ವೇಗದಲ್ಲಿ ಹತ್ತಿದಿರೆಂದು ಬರೆದಿಲ್ಲ, ಆದರೆ ಎಲ್ಲರೊಂದಿಗೆ 65 ಅಥವಾ 70ರಲ್ಲಿ ಹತ್ತಿದ್ದಿರಬೇಕು ಎಂದು ನನ್ನ ಊಹೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಬೆಳೆಯುತ್ತದೆ. 65 ಮೈಲಿಯಿಂದ 50ಕ್ಕೆ ಇಳಿದರೆ ಆ ಪಾಲು ಅರ್ಧಕ್ಕಿಂತ ಕೆಳಗೆ ಬರುತ್ತದೆ, ತೂಕವನ್ನು ಮೇಲೆತ್ತುವ ಪಾಲು ಕಾಲುಭಾಗದಷ್ಟು ಕಡಿಮೆಯಾಗುತ್ತದೆ. ಟ್ರಾವೆಲ್ ಟ್ರೇಲರ್‌ನ ಮುಂಭಾಗ ಗೋಡೆಯಂತೆ ನೇರವಾಗಿರುವುದರಿಂದ ಗಾಳಿಯ ಲೆಕ್ಕ ಸಣ್ಣದಲ್ಲ.

ಇಲ್ಲಿ ನಿಮ್ಮ ರಾಜ್ಯದ್ದೇ ಒಂದು ರಸ್ತೆಯ ವಿಷಯ ಹೇಳಲೇಬೇಕು. ಅಮೆರಿಕದಲ್ಲಿ ಪಿಕಪ್‌ಗಳ ಎಳೆಯುವ ಸಾಮರ್ಥ್ಯವನ್ನು ಅಳೆಯಲು ವಾಹನ ಎಂಜಿನಿಯರ್‌ಗಳ ಎಸ್‌ಎಇ ಸಂಸ್ಥೆಯ ಜೆ2807 ಎಂಬ ಮಾನದಂಡವಿದೆ. ಅದರ ಬಿಸಿ ಪರೀಕ್ಷೆಗೆ ಆಧಾರವಾದ ಏರು ಅರಿಝೋನಾದ ಪಶ್ಚಿಮ ಅಂಚಿನಲ್ಲಿ, ಕೊಲೊರಾಡೊ ನದಿಯ ಡೇವಿಸ್ ಡ್ಯಾಮ್ ಹತ್ತಿರ, ಬುಲ್‌ಹೆಡ್ ಸಿಟಿಯಿಂದ ಯೂನಿಯನ್ ಪಾಸ್ ಕಡೆಗೆ ಹೋಗುವ ರಾಜ್ಯ ಹೆದ್ದಾರಿ 68. ಹನ್ನೊಂದು ಮೈಲಿ ಚಿಲ್ಲರೆ ದೂರದಲ್ಲಿ ಸುಮಾರು 3,000 ಅಡಿ ಏರುತ್ತದೆ. ಹೊರಗೆ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು, ಎ.ಸಿ. ಪೂರ್ತಿ ಓಡುತ್ತಿರಬೇಕು, ಗರಿಷ್ಠ ಭಾರ ಕಟ್ಟಿಕೊಂಡಿರಬೇಕು. ಹಿಂದಿನ ಆಕ್ಸಲ್‌ನ ಪ್ರತಿ ಬದಿಗೂ ಒಂದೇ ಚಕ್ರವಿರುವ ಪಿಕಪ್ ಇಂತಹ ಏರಿನಲ್ಲಿ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯದೆ, ಕಾದು ಕೆಡದೆ ಮೇಲೆ ತಲುಪಬೇಕು.

ಆ ಅಂಕಿಯನ್ನು ಇನ್ನೊಮ್ಮೆ ನೋಡಿ: 40 ಮೈಲಿ. ನಿಮ್ಮ ಕೈಪಿಡಿಯಲ್ಲಿರುವ ಎಳೆಯುವ ಸಾಮರ್ಥ್ಯ ಈ ಪರೀಕ್ಷೆಯಿಂದ ಬಂದಿದ್ದರೆ, ಅದು 40 ಮೈಲಿ ವೇಗದಲ್ಲಿ ಹತ್ತುವ ಗಾಡಿಯ ಬಗ್ಗೆ ಕೊಟ್ಟ ಭರವಸೆ. ಜುಲೈ ಮಧ್ಯಾಹ್ನದ 112 ಡಿಗ್ರಿಯಲ್ಲಿ 68 ಮೈಲಿಯಲ್ಲಿ ಹತ್ತುವುದರ ಬಗ್ಗೆ ಯಾವ ಭರವಸೆಯೂ ಅದರಲ್ಲಿಲ್ಲ. ಬಲಗಡೆಯ ಲೇನ್ ಹಿಡಿದು, ಲಾರಿಗಳ ಹಿಂದೆ 45 ಅಥವಾ 50ರಲ್ಲಿ ಹತ್ತಿ. ಹಿಂದಿನವರು ಹಾರ್ನ್ ಹಾಕಿದರೆ ಹಾಕಲಿ. ಆ ಏರಿನಲ್ಲಿ ನೀವು ಕಳೆದುಕೊಳ್ಳುವುದು ಕೆಲವೇ ನಿಮಿಷ.

ಎತ್ತರದ ಪರಿಣಾಮವೂ ಇದೆ. ಫೀನಿಕ್ಸ್ ಸಮುದ್ರಮಟ್ಟದಿಂದ ಸುಮಾರು 1,100 ಅಡಿ ಮೇಲಿದೆ, ಫ್ಲ್ಯಾಗ್‌ಸ್ಟಾಫ್ 7,000ದ ಹತ್ತಿರ. ನಡುವೆ ರಸ್ತೆ ವರ್ಡೆ ಕಣಿವೆಗೆ ಇಳಿದು ಮತ್ತೆ ಏರುವುದರಿಂದ ನೀವು ಹತ್ತುವುದು ಈ ವ್ಯತ್ಯಾಸಕ್ಕಿಂತ ಹೆಚ್ಚು. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ತೆಳುವಾದ ಗಾಳಿ ಕೂಲರನ್ನೂ ಕಡಿಮೆ ತಣಿಸುತ್ತದೆ. ಕ್ಯಾಂಪ್ ವರ್ಡೆ ದಾಟಿದ ಮೇಲಿನ ಎರಡನೆಯ ದೊಡ್ಡ ಏರಿಗೂ ಮೊದಲ ಏರಿನಷ್ಟೇ ಗಮನ ಬೇಕು.

ಯಾವ ಅಂಕಿಗೆ ಹೆದರಬೇಕು ಎಂಬುದು ಮುಂದಿನ ಪ್ರಶ್ನೆ. 175 ಡಿಗ್ರಿ ಫ್ಯಾರನ್‌ಹೀಟ್‌ನ ಮೇಲೆ ಪ್ರತಿ 20 ಡಿಗ್ರಿಗೆ ಆಯಿಲ್‌ನ ಆಯಸ್ಸು ಅರ್ಧವಾಗುತ್ತದೆ ಎಂಬ ಹಳೆಯ ಪಟ್ಟಿಯೊಂದನ್ನು ನಿಮಗೆ ಯಾರಾದರೂ ತೋರಿಸಿರಬಹುದು. ಅದು ಹಳೆಯ ಖನಿಜ ಆಯಿಲ್ ಕಾಲದ್ದು. ಅದರ ದಿಕ್ಕು ಸರಿ, ಅಂಕಿಗಳನ್ನು ಇಂದಿನ ಗಾಡಿಗೆ ಹಾಗೆಯೇ ಅನ್ವಯಿಸಬೇಡಿ. ಈಗಿನ ಹಲವು ಪಿಕಪ್‌ಗಳು ಇಂಧನ ಉಳಿಸುವ ಸಲುವಾಗಿ ಟ್ರೇಲರ್ ಇಲ್ಲದಾಗಲೂ 195ರಿಂದ 205ರ ನಡುವೆಯೇ ಓಡುವಂತೆ ರೂಪುಗೊಂಡಿವೆ. ಟ್ರೇಲರ್ ಎಳೆಯುವಾಗ 220ರವರೆಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 220ರಿಂದ 240 ಏರಿನ ಮೇಲೆ ಸ್ವಲ್ಪ ಹೊತ್ತು ಇದ್ದು, ತುದಿ ದಾಟಿದ ಮೇಲೆ ಇಳಿದುಬಂದರೆ ಸರಿ. 240 ದಾಟಿ ಏರುತ್ತಲೇ ಇದ್ದರೆ ವೇಗ ತಗ್ಗಿಸಬೇಕು, ಇನ್ನೊಂದು ಗೇರ್ ಕೆಳಗೆ ಹೋಗಬೇಕು. 250 ಮುಟ್ಟಿದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಬೇಕು. ನಿಮ್ಮ ಕೈಪಿಡಿ ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದೇ ಅಂತಿಮ.

ಇದಕ್ಕಿಂತ ಮೇಲಕ್ಕೆ ಹೋದಾಗ ಒಂದು ವಿಷಚಕ್ರ ಶುರುವಾಗುತ್ತದೆ. ಆಯಿಲ್ ತೆಳುವಾಗಿ ಒಳಗಿನ ಒತ್ತಡ ಸೋರುತ್ತದೆ, ಕ್ಲಚ್ ತಟ್ಟೆಗಳು ಬಿಗಿಯಾಗಿ ಹಿಡಿಯದೆ ಜಾರುತ್ತವೆ, ಜಾರಿಕೆಯಿಂದ ಇನ್ನಷ್ಟು ಬಿಸಿ. ಆಯಿಲ್ ಆಮ್ಲಜನಕದೊಂದಿಗೆ ಬೆರೆತು ಕೆಟ್ಟು ಕಂದು ಮೆರುಗೆಣ್ಣೆಯಂತಹ ಪದರವಾಗಿ ವಾಲ್ವ್‌ಗಳಿಗೆ ಅಂಟುತ್ತದೆ. ರಬ್ಬರ್ ಸೀಲ್‌ಗಳು ಗಟ್ಟಿಯಾಗಿ ಬಿರಿಯುತ್ತವೆ. ಈ ಹಾನಿ ಆ ದಿನವೇ ಕಾಣುವುದಿಲ್ಲ, ಒಂದೆರಡು ವರ್ಷದ ನಂತರ ಗೇರ್ ಬದಲಾಗುವಾಗಿನ ಜಗ್ಗಾಟವಾಗಿ ಹೊರಬರುತ್ತದೆ.

ಮೀಟರ್ ಬಗ್ಗೆ ಒಂದು ಎಚ್ಚರಿಕೆ. ಸಂವೇದಕ ಗೇರ್‌ಬಾಕ್ಸ್‌ನ ಬುಡದಲ್ಲಿ ಆಯಿಲ್ ನಿಲ್ಲುವ ತಟ್ಟೆಯಲ್ಲಿದ್ದರೆ ತೋರುವುದು ಸರಾಸರಿಯ ತಾಪ. ಕನ್ವರ್ಟರ್‌ನಿಂದ ಆಗತಾನೇ ಹೊರಬಿದ್ದ ಆಯಿಲ್ ಅದಕ್ಕಿಂತ ಬಹಳ ಬಿಸಿ ಇರುತ್ತದೆ. ಮುಳ್ಳಿನ ಮೀಟರ್‌ಗಳಲ್ಲಿ ಕೆಲವನ್ನು, ಚಾಲಕ ಗಾಬರಿಯಾಗದಿರಲೆಂದು, ಒಂದು ವಿಸ್ತಾರದವರೆಗೆ ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ನಿಮಗೆ ಅಂಕಿಯೇ ಕಾಣುತ್ತಿರುವುದು ಒಳ್ಳೆಯದು. ಕಾಣದವರು ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಒಬಿಡಿ ಕಿಂಡಿಗೆ ಸಿಕ್ಕಿಸುವ ಚಿಕ್ಕ ಬ್ಲೂಟೂತ್ ಉಪಕರಣ ಕೊಂಡು ಮೊಬೈಲ್‌ನಲ್ಲಿ ನೋಡಿಕೊಳ್ಳಬಹುದು.

ಈಗ ಕೂಲರ್. ಮೊದಲು ನಿಮ್ಮ ಗಾಡಿಯಲ್ಲಿ ಏನಿದೆ ಎಂದು ನೋಡಿ. ಹಿಂಬದಿಯಲ್ಲಿ ಟ್ರೇಲರ್ ಕೊಂಡಿ ಇದ್ದ ಮಾತ್ರಕ್ಕೆ ಟ್ರೇಲರ್ ಎಳೆಯಲೆಂದೇ ಕಾರ್ಖಾನೆಯಲ್ಲಿ ಜೋಡಿಸುವ ಟೋ ಪ್ಯಾಕೇಜ್ ಇದೆ ಎಂದಲ್ಲ. ಕೊಂಡಿಯನ್ನಷ್ಟೇ ನಂತರ ಜೋಡಿಸಿದ ಗಾಡಿಗಳು ಎಷ್ಟೋ ಇವೆ, ಅವುಗಳಲ್ಲಿ ಹೆಚ್ಚುವರಿ ಕೂಲರ್ ಇರದಿರಬಹುದು. ಡೀಲರ್ ಬಳಿ ಗಾಡಿಯ ಗುರುತಿನ ವಿಐಎನ್ ಸಂಖ್ಯೆ ಕೊಟ್ಟು ಕೇಳಿ. ರೇಡಿಯೇಟರ್‌ನೊಳಗಿನ ಕೂಲರ್ ಮಾತ್ರ ಇದ್ದರೆ ಅದು ಆಯಿಲನ್ನು ಎಂಜಿನ್‌ನ ಕೂಲಂಟ್‌ಗಿಂತ ಕೆಳಗೆ ತಣಿಸಲಾರದು, ಮತ್ತು ಏರಿನಲ್ಲಿ ಕೂಲಂಟ್ ತಾನೇ 210ಕ್ಕಿಂತ ಮೇಲೆ ಇರುತ್ತದೆ. ಆಗ ಗಾಳಿಯಿಂದ ತಣಿಯುವ ಇನ್ನೊಂದು ಕೂಲರ್ ಸೇರಿಸುವುದು ನ್ಯಾಯವಾದ ಖರ್ಚು. ಒಂದರ ಮೇಲೊಂದು ಪೇರಿಸಿದ ತಟ್ಟೆಗಳ ಮಾದರಿಯದ್ದನ್ನು ಆರಿಸಿ. ಅದೇ ಅಳತೆಯ, ಕೊಳವೆಗೆ ರೆಕ್ಕೆ ಜೋಡಿಸಿದ ಮಾದರಿಗಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆಯಿಲ್ ಮೊದಲು ರೇಡಿಯೇಟರ್ ಹಾದು, ನಂತರ ಗಾಳಿಯ ಕೂಲರ್ ಹಾದು ಗೇರ್‌ಬಾಕ್ಸ್‌ಗೆ ಮರಳಬೇಕು. ತಿರುವುಮುರುವಾಗಿ ಜೋಡಿಸಿದರೆ ತಣಿದ ಆಯಿಲನ್ನು ರೇಡಿಯೇಟರ್ ಮತ್ತೆ ಕಾಯಿಸುತ್ತದೆ. ಪ್ಲಾಸ್ಟಿಕ್ ಪಟ್ಟಿಗಳನ್ನು ಎ.ಸಿ. ಕಂಡೆನ್ಸರ್‌ನ ರೆಕ್ಕೆಗಳ ಮೂಲಕ ತೂರಿಸಿ ಕೂಲರ್ ಕಟ್ಟುವ ಮೆಕ್ಯಾನಿಕ್ ಬಳಿ ಹೋಗಲೇಬೇಡಿ. ಆ ಕೂಲರ್ ಅದುರಿ ಅದುರಿ ಕಂಡೆನ್ಸರನ್ನೇ ಉಜ್ಜಿ ತೂತು ಮಾಡುತ್ತದೆ. ಗಟ್ಟಿ ಲೋಹದ ಪಟ್ಟಿಯ ಮೇಲೆ, ನಡುವೆ ಗಾಳಿ ಓಡಾಡಲು ಜಾಗ ಬಿಟ್ಟು ಕೂರಿಸಬೇಕು. ವಾರಂಟಿ ಉಳಿದಿದ್ದರೆ ಆ ಮಾದರಿಯ ಟೋ ಪ್ಯಾಕೇಜ್‌ನ ಮೂಲ ಭಾಗಗಳನ್ನೇ ಹಾಕಿಸಿ.

ಕೂಲರ್ ಹಾಕಿಸಿದ ಮೇಲೂ ಸಾಮಾನ್ಯ ಓಟದಲ್ಲಿ ಮೀಟರ್ 195 ತೋರುತ್ತಿದ್ದರೆ ಮೋಸ ಹೋದೆವೆಂದು ತಿಳಿಯಬೇಡಿ. ಹಲವು ಗಾಡಿಗಳಲ್ಲಿ ಒಂದು ಥರ್ಮೋಸ್ಟ್ಯಾಟ್ ವಾಲ್ವ್ ಇದ್ದು, ಆಯಿಲ್ ಸಾಕಷ್ಟು ಕಾಯುವವರೆಗೆ ಕೂಲರ್ ಕಡೆಗೆ ಬಿಡುವುದೇ ಇಲ್ಲ. ಹೊಸ ಕೂಲರ್‌ನ ಪ್ರಯೋಜನ ಏರಿನ ತುದಿಯ ಅಂಕಿಯಲ್ಲಿ ಕಾಣುತ್ತದೆ. ಆ ವಾಲ್ವನ್ನು ತೆಗೆದುಹಾಕುವ ಸಲಹೆಗಳೂ ನಿಮ್ಮ ಕಿವಿಗೆ ಬೀಳುತ್ತವೆ. ಚಳಿಗಾಲದಲ್ಲಿ ಹಿಮ ಬೀಳುವ ಫ್ಲ್ಯಾಗ್‌ಸ್ಟಾಫ್‌ಗೂ ಹೋಗುವ ಗಾಡಿಗೆ ನಾನು ಅದನ್ನು ಹೇಳಲಾರೆ; ಆಯಿಲ್ ತೀರಾ ತಣ್ಣಗಿದ್ದರೆ ಲಾಕಪ್ ತಡವಾಗುತ್ತದೆ.

ಖರ್ಚಿಲ್ಲದ ಒಂದು ಕೆಲಸ, ಮುಂಭಾಗದ ಜಾಲರಿಯೊಳಗೆ ಟಾರ್ಚ್ ಹಾಕಿ ನೋಡುವುದು. ಫೀನಿಕ್ಸ್‌ನಲ್ಲಿ ಮಳೆಗಾಲದ ಧೂಳುಗೋಡೆ ಒಮ್ಮೆ ಹಾದುಹೋದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ನಯವಾದ ಮಣ್ಣು ಕೂರುತ್ತದೆ, ಅದರ ಮೇಲೆ ಹೆದ್ದಾರಿಯ ಹುಳಗಳು. ಕಡಿಮೆ ಒತ್ತಡದ ನೀರಿನಿಂದ ತೊಳೆಯಿರಿ. ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಹೋಗುತ್ತವೆ.

ತೂಕವನ್ನೂ ಅಳೆದು ನೋಡಿ. 6,000 ಪೌಂಡ್ ಎಂಬುದು ಖಾಲಿ ಟ್ರೇಲರ್‌ನ ತೂಕವೋ, ತುಂಬಿದ್ದೋ? ದಾರಿಬದಿಯ ಟ್ರಕ್ ಸ್ಟಾಪ್‌ಗಳಲ್ಲಿ ತೂಕದ ಯಂತ್ರಗಳಿವೆ, ಪ್ರಯಾಣಕ್ಕೆ ಸಿದ್ಧವಾದ ಗಾಡಿಯನ್ನು ಒಮ್ಮೆ ಅದರ ಮೇಲೆ ನಿಲ್ಲಿಸಿ. ಒಂದು ಗ್ಯಾಲನ್ ನೀರು 8.3 ಪೌಂಡ್. 40 ಗ್ಯಾಲನ್ ಟ್ಯಾಂಕನ್ನು ಫೀನಿಕ್ಸ್‌ನಲ್ಲೇ ತುಂಬಿಸಿದರೆ 330 ಪೌಂಡ್ ನೀರನ್ನು ಸುಮಾರು 6,000 ಅಡಿ ಮೇಲಕ್ಕೆ ಹೊತ್ತಂತಾಯಿತು. ದಾರಿಗೆ ಬೇಕಾದಷ್ಟು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಮೇಲೆ ಹೋಗಿ ತುಂಬಿಸಿಕೊಳ್ಳಿ. ಪಿಕಪ್‌ಗೆ ಮೂಲ ಅಳತೆಗಿಂತ ದೊಡ್ಡ ಟೈರ್ ಹಾಕಿಸಿದ್ದರೆ ಅದೂ ಗೇರಿನ ಅನುಪಾತವನ್ನು ಕೆಡಿಸಿ ಬಿಸಿ ಹೆಚ್ಚಿಸುತ್ತದೆ.

ದಾರಿಯಲ್ಲಿ ನಿಲ್ಲಿಸಬೇಕಾಗಿ ಬಂದರೆ ಎಂಜಿನ್ ಆರಿಸಬೇಡಿ. ಗೇರ್‌ಬಾಕ್ಸ್‌ನ ಪಂಪ್ ತಿರುಗುವುದು ಎಂಜಿನ್‌ನಿಂದ. ಆರಿಸಿದರೆ ಕಾದ ಆಯಿಲ್ ಕಾದ ಲೋಹದೊಳಗೇ ನಿಂತುಬಿಡುತ್ತದೆ. ಪಾರ್ಕ್‌ನಲ್ಲಿಟ್ಟು, ಅಥವಾ ನಿಮ್ಮ ಕೈಪಿಡಿ ಹೇಳಿದ್ದರೆ ಹ್ಯಾಂಡ್ ಬ್ರೇಕ್ ಹಾಕಿ ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಓಡುತ್ತಿರಲಿ; ಸುತ್ತನ್ನು 1,200ರ ಆಸುಪಾಸಿಗೆ ಏರಿಸಿದರೆ ಆಯಿಲ್ ಚುರುಕಾಗಿ ಹರಿಯುತ್ತದೆ. ಎ.ಸಿ. ಆರಿಸಿದರೆ ಕಂಡೆನ್ಸರ್‌ನ ಬಿಸಿ ಕೂಲರ್‌ಗಳ ಮೇಲೆ ಬೀಳುವುದು ನಿಲ್ಲುತ್ತದೆ, ಆದರೆ 110 ಡಿಗ್ರಿಯ ಬಿಸಿಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹಾಗೆ ಮಾಡಬೇಡಿ. ಅದಕ್ಕಿಂತ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲೇ ಫೀನಿಕ್ಸ್ ಬಿಡುವುದು ಜಾಣತನ. ಅಷ್ಟರಿಂದಲೇ ಹೊರಗಿನ ತಾಪ 20 ಡಿಗ್ರಿಯಷ್ಟು ಕಡಿಮೆ ಸಿಗುತ್ತದೆ.

ಅನೇಕರು ಗಮನಿಸದ ಇನ್ನೊಂದು ಸಂದರ್ಭ ಕ್ಯಾಂಪ್ ತಾಣ ಸೇರಿದ ಮೇಲಿನದು. ಏರುತಗ್ಗಿನ ಕಲ್ಲುನೆಲದಲ್ಲಿ ಟ್ರೇಲರನ್ನು ಹಿಮ್ಮುಖವಾಗಿ ಒಳಗೆ ತಳ್ಳುವಾಗ ಗಾಡಿ ಆಮೆಯಂತೆ ಚಲಿಸುತ್ತದೆ, ಕನ್ವರ್ಟರ್ ಪೂರ್ತಿ ಜಾರುತ್ತಿರುತ್ತದೆ, ಮುಂದಿನಿಂದ ಗಾಳಿಯೂ ಇಲ್ಲ. ಹೆದ್ದಾರಿಯಲ್ಲಿ ಏರದಿದ್ದ ಅಂಕಿ ಇಲ್ಲಿ ಏರುವುದುಂಟು. ನಿಮ್ಮದು ಫೋರ್ ವೀಲ್ ಡ್ರೈವ್ ಆಗಿದ್ದು ನೆಲ ಸಡಿಲವಾಗಿದ್ದರೆ ಲೋ ರೇಂಜ್ ಹಾಕಿ ಹಿಂದೆ ಹೋಗಿ. ಟಾರು ಅಥವಾ ಕಾಂಕ್ರೀಟಿನ ಮೇಲೆ ತಿರುವು ತೆಗೆದುಕೊಳ್ಳುವಾಗ ಅದನ್ನು ಬಳಸಬೇಡಿ, ಚಕ್ರಗಳು ಒಂದಕ್ಕೊಂದು ಸೆಣಸಿ ಡ್ರೈವ್‌ಲೈನ್ ಬಿಗಿದುಕೊಳ್ಳುತ್ತದೆ.

ಕೊನೆಯದಾಗಿ ಆಯಿಲ್. ಜೀವಮಾನವಿಡೀ ಬದಲಿಸಬೇಕಿಲ್ಲ ಎಂಬ ಮಾತನ್ನು ಟ್ರೇಲರ್ ಎಳೆಯುವವರು ನಂಬಬಾರದು. ಕೈಪಿಡಿಯಲ್ಲಿ ಕಠಿಣ ಬಳಕೆಗೆಂದು ಪ್ರತ್ಯೇಕ ವೇಳಾಪಟ್ಟಿ ಇರುತ್ತದೆ, ಟ್ರೇಲರ್ ಎಳೆಯುವುದು ಅದರೊಳಗೇ ಬರುತ್ತದೆ, ಅದನ್ನು ಅನುಸರಿಸಿ. ತಯಾರಕರು ಹೇಳಿದ ಮಾದರಿಯನ್ನೇ ಹಾಕಿಸಿ. ಎಲ್ಲ ಗಾಡಿಗೂ ಆಗುತ್ತದೆ ಎಂಬ ಡಬ್ಬಿ ಬೇಡ, ಏಕೆಂದರೆ ಲಾಕಪ್ ಕ್ಲಚ್‌ನ ಹಿಡಿತ ಆ ಆಯಿಲ್‌ನಲ್ಲಿರುವ ರಾಸಾಯನಿಕಗಳ ಮೇಲೆಯೇ ನಿಂತಿದೆ. ಮುಂದಿನ ಪ್ರಯಾಣಕ್ಕೆ ಮೊದಲು ಒಮ್ಮೆ ಬದಲಿಸಿ, ಫಿಲ್ಟರ್ ತೆಗೆಯಿಸಿ, ತಟ್ಟೆಯಲ್ಲಿರುವ ಅಯಸ್ಕಾಂತವನ್ನು ನೀವೇ ನೋಡಿ. ಬೂದು ಬಣ್ಣದ ನುಣುಪಾದ ಲೇಪ ಸಹಜ. ಲೋಹದ ಚೂರುಗಳಿದ್ದರೆ ಅಥವಾ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಟ್ರೇಲರ್ ಕಟ್ಟುವ ಮೊದಲು ಗೇರ್‌ಬಾಕ್ಸ್ ತಜ್ಞರಿಗೆ ತೋರಿಸಿ. ಆಯಿಲ್ ಹಾಲು ಬೆರೆಸಿದಂತೆ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರ್‌ನೊಳಗಿನ ಕೂಲರ್ ಒಡೆದು ಕೂಲಂಟ್ ಒಳಗೆ ನುಗ್ಗಿದೆ. ಆಗ ಎಂಜಿನ್ ಮತ್ತೆ ಹಚ್ಚದೆ ಗಾಡಿಯನ್ನು ಎಳೆಸಿಕೊಂಡು ಹೋಗಬೇಕು. ಹೊಸ ಆಯಿಲ್‌ನ ಮಟ್ಟವನ್ನು ಕೈಪಿಡಿ ಹೇಳುವ ತಾಪಮಾನದಲ್ಲೇ ಪರೀಕ್ಷಿಸುವಂತೆ ಕೇಳಿ. ಹೆಚ್ಚಾದರೆ ನೊರೆ ಬಂದು ಕಾಯುತ್ತದೆ, ಕಡಿಮೆಯಾದರೆ ಏರಿನಲ್ಲಿ ಪಂಪ್ ಗಾಳಿ ಎಳೆಯುತ್ತದೆ. ಆಮೇಲೆ ಅದೇ ಟ್ರೇಲರ್ ಕಟ್ಟಿ, ಮುಂಜಾನೆ ಹೊರಟು, ನಾಲ್ಕನೆಯ ಗೇರಿನಲ್ಲಿ 50ರಲ್ಲಿ ಸನ್‌ಸೆಟ್ ಪಾಯಿಂಟ್‌ವರೆಗೆ ಹತ್ತಿ ನೋಡಿ. ಅಂಕಿ 220ರ ಒಳಗೆ ನಿಂತರೆ ಕೂಲರ್‌ನ ಹಣ ಉಳಿಯಿತು. ಆಗಲೂ 230 ದಾಟಿದರೆ ಹಾಕಿಸಿ.